‘ಗಂಡಸರ ಗುಳಿಗೆ’ಯನ್ನು ನನಗ್ಯಾಕೆ ಬರೆದರು?

ಪ್ರಶ್ನೆ: ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 56. ಮುಟ್ಟು ನಿಂತು ಆರು ವರ್ಷವಾಯಿತು. ಮೂರು ವರ್ಷದ ಹಿಂದೆ ಹುಬ್ಬು ತೆಳುವಾಗುತ್ತ ಬಂತು, ವಯಸ್ಸಿನ ಕಾರಣ ಅಂದುಕೊಂಡೆ. ಆಮೇಲೆ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಯಿತು, ಕಿವಿಯ ಮುಂದಿನದೂ ಹೋಯಿತು. ಮುಖದ ಎರಡೂ ಬದಿಗೆ ಬೂದಿಗಪ್ಪು ಕಲೆ ಬಂದಿದೆ. ಊರಿನ ಸವಳು ನೀರಿನಿಂದ ಅಂತ ಕೆಲವರು, ತಲೆಗೆ ಹಚ್ಚುವ ಡೈಯಿಂದ ಅಂತ ಕೆಲವರು. ಔಡಲೆಣ್ಣೆ, ಉಳ್ಳಾಗಡ್ಡಿ ರಸ ಎಲ್ಲ ಹಚ್ಚಿದ್ದಾಯಿತು. ಈಗ ಹುಬ್ಬಳ್ಳಿಯ ಚರ್ಮರೋಗ ತಜ್ಞರು ಬಯಾಪ್ಸಿ ಮಾಡಿಸಿ, ಇದು ‘ಫ್ರಂಟಲ್ ಫೈಬ್ರೋಸಿಂಗ್ ಅಲೋಪೀಷಿಯಾ’ ಎಂದು ಹೇಳಿ ಡ್ಯುಟಾಸ್ಟೆರೈಡ್ 0.5 ಮಿ.ಗ್ರಾಂ ಬರೆದಿದ್ದಾರೆ. ಔಷಧಿ ಅಂಗಡಿಯವರು, ‘ಅಕ್ಕೋರ, ಇದು ಗಂಡಸರ ಪ್ರಾಸ್ಟೇಟ್ ಗುಳಿಗಿ ಐತ್ರಿ, ನಿಮಗ್ಯಾಕ?’ ಅಂದರು. ಡಬ್ಬಿಯೊಳಗಿನ ಚೀಟಿಯಲ್ಲೂ ಹೆಂಗಸರು ತೆಗೆದುಕೊಳ್ಳಬಾರದು ಎಂದೇ ಇದೆ. ಡಬ್ಬಿ ಒಡೆಯದೆ ಕಪಾಟಿನಲ್ಲಿ ಇಟ್ಟಿದ್ದೇನೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆಯಾಗಿದೆ. ನನಗೆ ಬಿಪಿ ಇದೆ, ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೇನೆ. ಮಗಳು ನಾಲ್ಕು ತಿಂಗಳ ಗರ್ಭಿಣಿ, ಬಾಣಂತನಕ್ಕೆ ನಮ್ಮಲ್ಲಿಗೇ ಬರುತ್ತಾಳೆ. ಈ ಗುಳಿಗೆಯಿಂದ ಹೋದ ಕೂದಲು ಬರುತ್ತದೆಯೇ? ಗಡ್ಡ ಮೀಸೆ ಬಂದೀತೇ? ತಲೆಯೆಲ್ಲ ಬೋಳಾಗುತ್ತದೆಯೇ?

ಉತ್ತರ: ಅಕ್ಕೋರೆ, ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ, ನಿಮ್ಮ ವೈದ್ಯರು ಬರೆದಿದ್ದೂ ತಪ್ಪಲ್ಲ. ಡ್ಯುಟಾಸ್ಟೆರೈಡಿಗೆ ಪರವಾನಗಿ ಸಿಕ್ಕಿರುವುದು ಗಂಡಸರ ಕಾಯಿಲೆಗಳಿಗೆ. ಹೆಂಗಸರ ಈ ಕೂದಲ ರೋಗಕ್ಕೆ ಜಗತ್ತಿನ ಎಲ್ಲ ಕಡೆ ಚರ್ಮವೈದ್ಯರು ಅದನ್ನು ಪರವಾನಗಿಯ ಆಚೆಗೆ, ತಮ್ಮ ವಿವೇಚನೆಯ ಮೇಲೆ ಬರೆಯುತ್ತಾರೆ. ಹಾಗೆ ಬರೆಯುವಾಗ ರೋಗಿಗೆ ಕೂರಿಸಿ ವಿವರಿಸಬೇಕು. ಹೊರರೋಗಿ ವಿಭಾಗದ ಗದ್ದಲದಲ್ಲಿ ಆ ಮಾತು ಎಷ್ಟೋ ಸಲ ಉಳಿದುಹೋಗುತ್ತದೆ, ಆಗ ರೋಗಿಯ ಜೊತೆ ಮನೆಗೆ ಹೋಗುವುದು ಡಬ್ಬಿಯೊಳಗಿನ ಚೀಟಿ ಮಾತ್ರ. ಅದನ್ನು ಓದಿ ಹೆದರಿ ಗುಳಿಗೆ ಮುಟ್ಟದೆ ಇಟ್ಟವರನ್ನು ನಾನು ಬಹಳ ನೋಡಿದ್ದೇನೆ. ನೀವು ಹೆದರಿದ್ದು ಸಹಜ. ಆದರೆ ಹೆದರಿಕೊಂಡು ಸುಮ್ಮನೆ ಕೂರುವ ರೋಗ ಇದಲ್ಲ.

ಮೊದಲು ರೋಗದ ಮಾತು. ಕೂದಲು ಉದುರುವುದರಲ್ಲಿ ಎರಡು ಜಾತಿ. ಟೈಫಾಯ್ಡ್, ಡೆಂಗಿ ಬಂದು ಹೋದ ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಉದುರುತ್ತದಲ್ಲ, ಹೆರಿಗೆಯ ನಂತರ ಉದುರುತ್ತದಲ್ಲ, ಅದರಲ್ಲಿ ಕೂದಲಿನ ಬುಡ ಚರ್ಮದೊಳಗೆ ಜೀವಂತ ಇರುತ್ತದೆ. ಬೇರು ಉಳಿದ ಗರಿಕೆ ಮಳೆ ಬಿದ್ದರೆ ಮತ್ತೆ ಚಿಗುರುವ ಹಾಗೆ ಕೂದಲು ಬರುತ್ತದೆ. ನಿಮ್ಮದು ಎರಡನೆಯ ಜಾತಿ. ದೇಹದ ರಕ್ಷಣೆಗೆಂದು ಇರುವ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಕೂದಲಬುಡದ ಮೇಲ್ಭಾಗಕ್ಕೇ ಮುತ್ತಿಗೆ ಹಾಕುತ್ತವೆ. ಕೂದಲು ಮರಳಿ ಹುಟ್ಟಲು ಬೇಕಾದ ಕಾಂಡಕೋಶಗಳು ಇರುವುದು ಸರಿಯಾಗಿ ಅದೇ ಜಾಗದಲ್ಲಿ. ಅವು ಸತ್ತರೆ ಆ ಬುಡ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಹಣೆಯ ಆ ಪಟ್ಟಿ ನುಣುಪಾಗಿ, ಹೊಳೆಯುತ್ತ, ಉಳಿದ ಹಣೆಗಿಂತ ಸ್ವಲ್ಪ ತಿಳಿಬಣ್ಣದಲ್ಲಿ ಕಾಣುವುದು ಅದಕ್ಕೇ. ಆ ಖಾಲಿ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಉದ್ದ ಕೂದಲು ಒಂಟಿಯಾಗಿ ಉಳಿದಿದ್ದರೆ ನಮಗೆ ರೋಗದ ಗುರುತು ಇನ್ನೂ ಖಚಿತ.

ಆಸ್ಟ್ರೇಲಿಯಾದ ಚರ್ಮವೈದ್ಯ ಸ್ಟೀವನ್ ಕೊಸ್ಸಾರ್ಡ್ 1994ರಲ್ಲಿ ಮುಟ್ಟು ನಿಂತ ಆರು ಮಹಿಳೆಯರಲ್ಲಿ ಇದನ್ನು ಮೊದಲು ವಿವರಿಸಿದರು. ಅಂದರೆ ವೈದ್ಯಶಾಸ್ತ್ರಕ್ಕೆ ಇದು ಹೊಸ ರೋಗವೇ. ಹಳೆಯ ತಲೆಮಾರಿನ ವೈದ್ಯರು ಗುರುತಿಸದೆ ಹೋದರೆ ಅವರನ್ನು ದೂರುವಂತಿಲ್ಲ. ಹುಬ್ಬು ಮೊದಲು ಹೋಗುವುದು ಇದರಲ್ಲಿ ಬಹಳ ಸಾಮಾನ್ಯ. ಆ ಹಂತದಲ್ಲೇ ತೋರಿಸಲು ಬರುವವರು ಮಾತ್ರ ತೀರಾ ವಿರಳ.

ನಿಮ್ಮ ಮುಖದ ಕಲೆಯ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ನನಗೆ ಅದು ಮುಖ್ಯ ಎನಿಸಿತು. ನಮ್ಮ ಕಡೆ ಮುಖ ಕಪ್ಪಾದರೆ ಎಲ್ಲರೂ ‘ಬಂಗು’ ಅನ್ನುತ್ತಾರೆ, ಅಂಗಡಿಯಿಂದ ಒಂದು ಟ್ಯೂಬ್ ತರುತ್ತಾರೆ. ಬಂಗು ಸಾಮಾನ್ಯವಾಗಿ ಕಂದು, ಕೆನ್ನೆಯ ಉಬ್ಬಿನ ಮೇಲೆ, ಮೂಗಿನ ಮೇಲೆ ಬರುತ್ತದೆ. ಬೂದಿ ಬೆರೆಸಿದಂಥ ಕಪ್ಪು ಕೆನ್ನೆಯ ಪಕ್ಕ, ಕಿವಿಯ ಹತ್ತಿರ, ಕುತ್ತಿಗೆಯ ಮೇಲೆ ಬಂದರೆ ಅದು ‘ಲೈಕೆನ್ ಪ್ಲಾನಸ್ ಪಿಗ್ಮೆಂಟೋಸಸ್’ ಆಗಿರುವ ಸಾಧ್ಯತೆ ಹೆಚ್ಚು. ಕಪ್ಪು, ಎಣ್ಣೆಗೆಂಪು ಮೈಬಣ್ಣದ ಹೆಂಗಸರಲ್ಲಿ ಅದು ಈ ಕೂದಲ ರೋಗದ ಜೊತೆ, ಎಷ್ಟೋ ಸಲ ಅದಕ್ಕಿಂತ ಮೊದಲೇ, ಕಾಣಿಸುತ್ತದೆ. ಎರಡೂ ಒಂದೇ ಸಂಸಾರದ ರೋಗಗಳು. ಬಂಗಿನ ಮುಲಾಮುಗಳಲ್ಲಿ ಸ್ಟೆರಾಯ್ಡ್ ಸೇರಿರುವಂಥವು ಬಹಳ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ, ಕೆಂಪಗೆ ಉರಿಯತೊಡಗುತ್ತದೆ, ಬೂದಿಗಪ್ಪು ಮಾತ್ರ ಹಾಗೇ ಉಳಿಯುತ್ತದೆ. ಹಚ್ಚುತ್ತಿದ್ದರೆ ಆ ಟ್ಯೂಬನ್ನು ಮುಂದಿನ ಸಲ ವೈದ್ಯರಿಗೆ ತೋರಿಸಿ.

ಇನ್ನು ಸವಳು ನೀರು. ಗದಗ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಸೋಪು ನೊರೆ ಬಾರದ ಬಚ್ಚಲಿನಲ್ಲಿ ಎಲ್ಲರಿಗೂ ಗೊತ್ತು. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ನಡುವೆ ತುಂಡಾಗುತ್ತದೆ. ಆದರೆ ನೀರು ಚರ್ಮದೊಳಗಿನ ಬುಡವನ್ನು ಕಲೆಗಟ್ಟಿಸುವುದಿಲ್ಲ. ಹಾಗಿದ್ದರೆ ಒಂದೇ ಬಾವಿಯ ನೀರು ಮಿಂದ ಇಡೀ ಓಣಿಗೆ ಇದು ಬರಬೇಕಿತ್ತು. ಡೈ ಬೇರೆ ವಿಷಯ. ಅದರಲ್ಲಿರುವ ರಾಸಾಯನಿಕಕ್ಕೆ ಅಲರ್ಜಿ ಇದ್ದವರಿಗೆ ಕೂದಲಂಚಿನಲ್ಲಿ ತುರಿಕೆ, ನೀರುಗುಳ್ಳೆ, ಕಪ್ಪು ಬರುತ್ತದೆ. ಈ ರೋಗಕ್ಕೆ ಮೂಲ ಅದಲ್ಲದಿದ್ದರೂ, ಮೊದಲೇ ಉರಿಯುತ್ತಿರುವ ಚರ್ಮಕ್ಕೆ ಮೇಲಿಂದ ಕಾಟ ಬೇಡ ಎಂದು ತುರಿಕೆ ಇದ್ದವರಿಗೆ ಡೈ ಬಿಡಲು ನಾನು ಹೇಳುತ್ತೇನೆ. ಉಳ್ಳಾಗಡ್ಡಿ ರಸಕ್ಕೂ ಅದೇ ಮಾತು. ಔಡಲೆಣ್ಣೆಯಿಂದ ಕೇಡಿಲ್ಲ, ಗುಣವೂ ಇಲ್ಲ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನಿನ ಮೇಲೂ ಅನುಮಾನ ಬಂದದ್ದುಂಟು. 2016ರಲ್ಲಿ ಇಂಗ್ಲೆಂಡಿನ ಅಧ್ಯಯನವೊಂದು ಈ ರೋಗದ ಮಹಿಳೆಯರಲ್ಲಿ ಅದರ ಬಳಕೆ ಹೆಚ್ಚು ಎಂದು ಕಂಡಿತು. ಜೊತೆಗೆ ಇದ್ದದ್ದು ಗೊತ್ತಾಯಿತೇ ಹೊರತು ಕಾರಣ ಎಂದು ಸಾಬೀತಾಗಿಲ್ಲ. ಮುಖದಲ್ಲಿ ಕಲೆ ಇರುವ ನಿಮಗೆ ಬಿಸಿಲಿನಿಂದ ರಕ್ಷಣೆ ಬೇಕೇ ಬೇಕು. ಮನಸ್ಸು ಒಪ್ಪದಿದ್ದರೆ ಕೂದಲಂಚಿಗೆ ಹಚ್ಚದೆ ಬಿಡಿ, ಶಾಲೆಗೆ ಹೋಗುವಾಗ ಕೊಡೆ ಹಿಡಿಯಿರಿ.

ಮುಟ್ಟು ನಿಂತವರಲ್ಲೇ ಇದು ಹೆಚ್ಚು ಕಾಣುವುದರಿಂದ ಹಾರ್ಮೋನಿನ ಕೈವಾಡ ಇರಬೇಕು ಎಂಬ ಯೋಚನೆ ಮೊದಲಿನಿಂದಲೂ ಇದೆ. 2019ರಲ್ಲಿ ಬ್ರಿಟನ್ನಿನ ಸಂಶೋಧಕರು ರೋಗಿಗಳ ವಂಶವಾಹಿಗಳನ್ನು ಜಾಲಾಡಿದಾಗ ಎರಡು ಬಗೆಯವು ಎದ್ದು ಕಂಡವು. ಒಂದು ರೋಗನಿರೋಧಕ ವ್ಯವಸ್ಥೆಗೆ ಸೇರಿದ್ದು, ಇನ್ನೊಂದು ಈಸ್ಟ್ರೋಜನ್‌ನಂಥ ಹಾರ್ಮೋನುಗಳನ್ನು ಒಡೆಯುವ ಕಿಣ್ವಕ್ಕೆ ಸೇರಿದ್ದು. ಹಾಗಂತ ನಿಮ್ಮ ರಕ್ತದಲ್ಲಿ ಗಂಡು ಹಾರ್ಮೋನ್ ಹೆಚ್ಚಾಗಿದೆ ಎಂದಲ್ಲ. ಈ ರೋಗದ ಬಹುತೇಕ ಮಹಿಳೆಯರಲ್ಲಿ ರಕ್ತ ಪರೀಕ್ಷೆ ಸರಿಯಾಗಿಯೇ ಇರುತ್ತದೆ.

ಗುಳಿಗೆ ಮಾಡುವ ಕೆಲಸ ಹೀಗೆ. ಹೆಂಗಸರ ಮೈಯಲ್ಲೂ ಸ್ವಲ್ಪ ಟೆಸ್ಟೋಸ್ಟೆರಾನ್ ಇರುತ್ತದೆ. ‘5-ಆಲ್ಫಾ ರಿಡಕ್ಟೇಸ್’ ಎಂಬ ಕಿಣ್ವ ಅದನ್ನು ಡಿಎಚ್‌ಟಿ ಎಂಬ ಇನ್ನೂ ಬಲವಾದ ರೂಪಕ್ಕೆ ತಿರುಗಿಸುತ್ತದೆ. ಕಿಣ್ವದಲ್ಲಿ ಎರಡು ಬಗೆ. ಫಿನಾಸ್ಟೆರೈಡ್ ಮುಖ್ಯವಾಗಿ ಎರಡನೆಯದನ್ನು ತಡೆಯುತ್ತದೆ, ರಕ್ತದ ಡಿಎಚ್‌ಟಿ ಸುಮಾರು 70 ಶೇಕಡಾ ಇಳಿಯುತ್ತದೆ. ಡ್ಯುಟಾಸ್ಟೆರೈಡ್ ಎರಡನ್ನೂ ತಡೆಯುವುದರಿಂದ 90 ಶೇಕಡಾಕ್ಕೂ ಹೆಚ್ಚು ಇಳಿಯುತ್ತದೆ. ಈ ಔಷಧಗಳ ಹಿಂದೆ 1974ರಲ್ಲಿ ಹೊರಬಂದ ಒಂದು ಸಂಶೋಧನೆ ಇದೆ. ಕೆರಿಬಿಯನ್‌ನ ಡೊಮಿನಿಕನ್ ರಿಪಬ್ಲಿಕ್ ದೇಶದ ಹಳ್ಳಿಯೊಂದರಲ್ಲಿ ಕೆಲವು ಗಂಡುಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು, ಪ್ರಾಯಕ್ಕೆ ಬಂದಾಗ ಗಂಡಸರಾಗುತ್ತಿದ್ದರು. ಹುಟ್ಟಿನಿಂದಲೇ ಅವರಲ್ಲಿ ಈ ಕಿಣ್ವದ ಕೊರತೆ. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಚಿಕ್ಕದಾಗಿಯೇ ಇತ್ತು, ಗಂಡಸರ ಬೋಳುತಲೆ ಅವರಿಗೆ ಬರುತ್ತಿರಲಿಲ್ಲ. ಕಿಣ್ವ ತಡೆಯುವ ಔಷಧದ ಹುಡುಕಾಟಕ್ಕೆ ಅದೇ ದಾರಿಯಾಯಿತು. ಫಿನಾಸ್ಟೆರೈಡ್ 1992ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟಿಗೆ, 1997ರಲ್ಲಿ ಗಂಡಸರ ಕೂದಲಿಗೆ ಪರವಾನಗಿ ಪಡೆಯಿತು. ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ಚೀಟಿಯಲ್ಲಿ ‘ಹೆಂಗಸರಿಗೆ ಬೇಡ’ ಎಂದು ಅಷ್ಟು ಗಟ್ಟಿಯಾಗಿ ಬರೆದಿರುವುದರ ಮುಖ್ಯ ಕಾರಣ ಅಲ್ಲೇ ಇದೆ. ಗರ್ಭದಲ್ಲಿರುವ ಗಂಡು ಶಿಶುವಿನ ಜನನಾಂಗ ರೂಪುಗೊಳ್ಳಲು ಡಿಎಚ್‌ಟಿ ಬೇಕು. ತಾಯಿಯ ಮೈಯಲ್ಲಿ ಈ ಔಷಧ ಇದ್ದರೆ ಶಿಶುವಿಗೆ ತೊಂದರೆ. ಮುಟ್ಟು ನಿಂತು ಆರು ವರ್ಷವಾದ ನಿಮಗೆ ಆ ಭಯವಿಲ್ಲ.

ಆದರೆ ನಿಮ್ಮ ಮಗಳಿಗೆ ಇದೆ. ಡ್ಯುಟಾಸ್ಟೆರೈಡ್ ಮೆದು ಕ್ಯಾಪ್ಸೂಲಿನೊಳಗೆ ದ್ರವರೂಪದಲ್ಲಿರುತ್ತದೆ, ಒಡೆದು ಕೈಗೆ ತಾಗಿದರೆ ಚರ್ಮದ ಮೂಲಕವೂ ಒಳಗೆ ಹೋಗಬಲ್ಲದು. ಆಕೆ ಮನೆಯಲ್ಲಿರುವಾಗ ಡಬ್ಬಿ ನಿಮ್ಮ ಕೈಯಲ್ಲೇ ಇರಲಿ. ‘ಅವ್ವಾ, ನಿನ್ನ ಗುಳಿಗಿ ತಂದುಕೊಡ್ತೀನಿ’ ಎಂದು ಆಕೆ ಎದ್ದರೂ ಬೇಡ ಅನ್ನಿ. ನೀವೂ ಕ್ಯಾಪ್ಸೂಲನ್ನು ಚೀಪದೆ, ಒಡೆಯದೆ ನುಂಗಬೇಕು. ಇನ್ನೊಂದು ಮಾತು, ಇದು ಮೈಯಿಂದ ಹೊರಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅರ್ಧದಷ್ಟು ಇಳಿಯುವುದಕ್ಕೇ ಸುಮಾರು ಐದು ವಾರ. ಆದ್ದರಿಂದ ತೆಗೆದುಕೊಳ್ಳುವಾಗಲೂ, ನಿಲ್ಲಿಸಿದ ಮೇಲೆ ಆರು ತಿಂಗಳೂ ರಕ್ತದಾನ ಮಾಡಬಾರದು. ಆ ರಕ್ತ ಗರ್ಭಿಣಿಯೊಬ್ಬಳಿಗೆ ಸಿಗಬಹುದು. ಮುಟ್ಟು ಇನ್ನೂ ಇರುವ ಓದುಗರು ಯಾರಾದರೂ ಈ ಉತ್ತರ ಓದುತ್ತಿದ್ದರೆ, ಖಚಿತವಾದ ಗರ್ಭನಿರೋಧವಿಲ್ಲದೆ ಈ ಔಷಧದ ಹತ್ತಿರ ಹೋಗಬೇಡಿ.

ಗುಣ ಕಾಣುತ್ತದೆಯೇ? 2014ರಲ್ಲಿ ಸ್ಪೇನಿನ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಈ ರೋಗದ 355 ಜನರ ವಿವರ ಪ್ರಕಟಿಸಿದರು. ಅವರಲ್ಲಿ 111 ಜನ ಫಿನಾಸ್ಟೆರೈಡ್ ಇಲ್ಲವೇ ಡ್ಯುಟಾಸ್ಟೆರೈಡ್ ತೆಗೆದುಕೊಂಡಿದ್ದರು. 47 ಶೇಕಡಾ ಜನರಲ್ಲಿ ಸುಧಾರಣೆ, ಉಳಿದ 53 ಶೇಕಡಾ ಜನರಲ್ಲಿ ರೋಗ ಅಲ್ಲಿಗೇ ನಿಂತಿತು ಎಂದು ಬರೆದರು. ಕೇಳಲು ಬಹಳ ಚೆನ್ನಾಗಿದೆ. ನನ್ನ ಮಟ್ಟಿಗೆ ಆ ಅಂಕಿಗಳನ್ನು ಸ್ವಲ್ಪ ಹಿಡಿದು ಓದಬೇಕು. ಅದು ಗುಳಿಗೆ ಕೊಟ್ಟವರನ್ನು ಕೊಡದವರ ಜೊತೆ ಚೀಟಿ ಎತ್ತಿ ಹೋಲಿಸಿದ ಪ್ರಯೋಗವಲ್ಲ, ಹಿಂದಿನ ದಾಖಲೆ ನೋಡಿ ಬರೆದದ್ದು. ಈ ರೋಗ ಕೆಲವು ವರ್ಷ ನಡೆದು ತಾನಾಗಿಯೇ ನಿಲ್ಲುವುದೂ ಉಂಟು, ‘ನಿಂತಿತು’ ಎಂಬುದರಲ್ಲಿ ಎಷ್ಟು ಪಾಲು ಗುಳಿಗೆಯದು ಎಂದು ಬಿಡಿಸಿ ಹೇಳಲಾಗದು. ಸುಧಾರಣೆ ಕಂಡವರಲ್ಲಿಯೂ, ವಯಸ್ಸಿಗೆ ಬರುವ ಮಾಮೂಲಿ ತೆಳುವಾಗುವಿಕೆ ಜೊತೆಗೆ ಇದ್ದು ಅದು ಸರಿಹೋಗಿರಬಹುದು. ಇಷ್ಟೆಲ್ಲ ಕಳೆದ ಮೇಲೂ, ರೋಗ ನಿಲ್ಲಿಸುವುದಕ್ಕೆ ನಮ್ಮ ಕೈಯಲ್ಲಿರುವ ಔಷಧಗಳಲ್ಲಿ ಇವು ಮುಂದಿನ ಸಾಲಿನವು ಎಂದೇ ನಾನು ನಂಬುತ್ತೇನೆ.

ಹಾಗಾಗಿ ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ಕಲೆಗಟ್ಟಿದ ಜಾಗದಲ್ಲಿ ಕೂದಲು ಮರಳಿ ಬರುವುದಿಲ್ಲ. ಇದನ್ನು ಹೇಳುವಾಗ ಪ್ರತಿ ಸಲ ನನಗೂ ಕಷ್ಟವಾಗುತ್ತದೆ. ಆದರೆ ‘ಮೂರು ತಿಂಗಳಲ್ಲಿ ಬರುತ್ತೆ’ ಎಂದು ನಂಬಿಸಿ ದುಡ್ಡು ಕೀಳುವವರ ಕೈಗೆ ನೀವು ಸಿಗುವುದಕ್ಕಿಂತ ಇದು ವಾಸಿ. ಗುಳಿಗೆಯ ಕೆಲಸ ಇಂದು ಇರುವ ಅಂಚನ್ನು ಇದ್ದಲ್ಲೇ ಹಿಡಿಯುವುದು. ತಲೆಯೆಲ್ಲ ಬೋಳಾಗುವುದಿಲ್ಲ, ಈ ರೋಗ ಸಾಮಾನ್ಯವಾಗಿ ಹಣೆಯಿಂದ ಕಿವಿಯವರೆಗಿನ ಪಟ್ಟಿಯಲ್ಲೇ ನಿಧಾನಕ್ಕೆ ಹಿಂದೆ ಸರಿಯುವಂಥದ್ದು. ಗಡ್ಡ ಮೀಸೆಯ ಭಯವಂತೂ ಬೇಡವೇ ಬೇಡ. ಮುಖದ ದಪ್ಪ ಕೂದಲಿಗೆ ಡಿಎಚ್‌ಟಿಯೇ ಗೊಬ್ಬರ. ಅದನ್ನು ತಡೆದರೆ ಮುಖದ ಕೂದಲು ಕಡಿಮೆಯಾಗಬಹುದೇ ಹೊರತು ಹೆಚ್ಚಾಗದು.

ತೊಂದರೆಗಳೂ ಇವೆ. ತಲೆನೋವು, ಸ್ತನ ಬಿಗಿದು ನೋಯುವುದು, ದಾಂಪತ್ಯದ ಆಸೆ ಕುಗ್ಗುವುದು. ಕೊನೆಯದನ್ನು ನಮ್ಮ ಹೆಣ್ಣುಮಕ್ಕಳು ಬಾಯಿ ಬಿಟ್ಟು ಹೇಳುವುದಿಲ್ಲ, ವೈದ್ಯರು ಕೇಳುವುದೂ ಇಲ್ಲ. ಹೇಳಿ, ಅದು ಔಷಧದ ಪರಿಣಾಮ, ನಾಚಿಕೆಯ ವಿಷಯವಲ್ಲ. ಮನಸ್ಸು ಕುಗ್ಗುವುದನ್ನೂ ಗಮನಿಸಬೇಕು. 2025ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ, ಆತ್ಮಹತ್ಯೆಯ ಯೋಚನೆ ಫಿನಾಸ್ಟೆರೈಡಿನ ಅಡ್ಡಪರಿಣಾಮ ಎಂದು ಖಚಿತಪಡಿಸಿತು. ಡ್ಯುಟಾಸ್ಟೆರೈಡಿನ ವಿಷಯದಲ್ಲಿ ಅದು ಸಾಬೀತಾಗದಿದ್ದರೂ ಎರಡೂ ಒಂದೇ ಕೆಲಸ ಮಾಡುವ ಔಷಧಗಳು. ನಿಮಗೆ ಹಿಂದೆ ಖಿನ್ನತೆ ಕಾಡಿದ್ದರೆ ಗುಳಿಗೆ ಶುರು ಮಾಡುವ ಮೊದಲೇ ವೈದ್ಯರಿಗೆ ಹೇಳಬೇಕು. ಇಲ್ಲದಿದ್ದರೂ, ಕಾರಣವಿಲ್ಲದೆ ಅಳು ಬರುವುದು, ಬೆಳಗ್ಗೆ ಏಳಲು ಮನಸ್ಸಾಗದಿರುವುದು ಶುರುವಾದರೆ ಮನೆಯವರಾದರೂ ಗುರುತಿಸಲಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಕನ ವಿಷಯ. ಟೆಸ್ಟೋಸ್ಟೆರಾನ್ ಡಿಎಚ್‌ಟಿಯ ಕಡೆ ಹೋಗುವ ದಾರಿ ಮುಚ್ಚಿದಾಗ ಅದರ ಒಂದಿಷ್ಟು ಪಾಲು ಈಸ್ಟ್ರೋಜನ್ನಿನ ಕಡೆ ತಿರುಗಬಹುದು. ಕೆಲವು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜನ್ ಉಂಡು ಬೆಳೆಯುವಂಥವು. ಈ ಗುಳಿಗೆಯಿಂದ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೂ ಸ್ವತಃ ಆ ಕ್ಯಾನ್ಸರ್ ಆದವರಿಗೆ ನಾವು ಕೊಡುವುದಿಲ್ಲ, ಒಡಹುಟ್ಟಿದವರಿಗೆ ಆಗಿದ್ದರೆ ಎರಡು ಸಲ ಯೋಚಿಸುತ್ತೇವೆ. ಅಕ್ಕನಿಗೆ ಎಷ್ಟನೆಯ ವಯಸ್ಸಿಗೆ ಬಂತು, ಹಾರ್ಮೋನಿಗೆ ಸ್ಪಂದಿಸುವ ಬಗೆಯದೋ, ಮನೆತನದಲ್ಲಿ ಮತ್ತೆ ಯಾರಿಗಾದರೂ ಸ್ತನದ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಇತ್ತೋ, ಇವು ನಿಮ್ಮ ವೈದ್ಯರಿಗೆ ಗೊತ್ತಿವೆಯೇ? ಗಡಿಬಿಡಿಯಲ್ಲಿ ಇದು ಮಾತಿಗೇ ಬಂದಿರಲಿಕ್ಕಿಲ್ಲ. ಅಕ್ಕನ ಹಳೆಯ ಫೈಲು ಸಿಕ್ಕರೆ ಒಯ್ಯಿರಿ. ಒಂದು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿ, ಅದು ಗುಳಿಗೆ ತೆಗೆದುಕೊಳ್ಳದಿದ್ದರೂ ನಿಮಗೆ ಬೇಕಾದ ಪರೀಕ್ಷೆ.

ನನ್ನ ಅಭಿಪ್ರಾಯ ಕೇಳಿದರೆ, ಆ ವಿವರ ಬರುವವರೆಗೆ ಡಬ್ಬಿ ಕಪಾಟಿನಲ್ಲೇ ಇರಲಿ, ಆದರೆ ಚಿಕಿತ್ಸೆ ನಿಲ್ಲುವುದು ಬೇಡ. ಬಿಳಿರಕ್ತಕಣಗಳ ಮುತ್ತಿಗೆಯನ್ನು ತಣಿಸುವ ದಾರಿಗಳು ಬೇರೆ ಇವೆ, ಹಾರ್ಮೋನ್ ತಡೆಯುವ ಈ ಗುಳಿಗೆ ತೆಗೆದುಕೊಂಡರೂ ಅವು ಜೊತೆಗೆ ಬೇಕಾಗುತ್ತವೆ. ಅಂಚಿನಲ್ಲಿ ಕೆಂಪು, ಉರಿ, ಕೂದಲ ಬುಡದಲ್ಲಿ ಸಣ್ಣ ಹೊಟ್ಟು ಇದ್ದರೆ ರೋಗ ಇನ್ನೂ ಚುರುಕಾಗಿದೆ ಎಂದು ಅರ್ಥ. ಅಲ್ಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ಹೆಚ್ಚಾದರೆ ಹಣೆಯಲ್ಲಿ ತಗ್ಗು ಬೀಳುತ್ತದೆ, ಕೈ ಪಳಗಿದವರೇ ಕೊಡಬೇಕು. ಟ್ಯಾಕ್ರೋಲಿಮಸ್ ಮುಲಾಮು ಚರ್ಮ ತೆಳುವಾಗಿಸದು, ಮೊದಲ ಕೆಲವು ದಿನ ಉರಿಯುತ್ತದೆ ಅಷ್ಟೇ. ನುಂಗುವ ಔಷಧಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಮ್ಮಂಥವರಿಗೆ ನಾನು ಮೊದಲು ಯೋಚಿಸುವಂಥದ್ದು. ದಿನಕ್ಕೆ ಮೈತೂಕದ ಕಿಲೋಗೆ 5 ಮಿ.ಗ್ರಾಂ ಮೀರಬಾರದು, ಶುರುವಿನಲ್ಲಿ ಕಣ್ಣಿನ ಪರದೆಯ ಪರೀಕ್ಷೆ ಆಗಬೇಕು, ಐದು ವರ್ಷ ದಾಟಿದರೆ ಪ್ರತಿ ವರ್ಷ. ಹೃದಯದ ತೊಂದರೆ ಇದ್ದರೆ ಇಸಿಜಿ. ಅಪರೂಪಕ್ಕೆ ಅದೇ ಮುಖ ಕಪ್ಪಾಗಿಸುವುದುಂಟು, ನಿಮ್ಮ ಕಲೆಯ ಕಾರಣಕ್ಕೆ ಇದನ್ನು ಹೇಳಿದೆ. ಡಾಕ್ಸಿಸೈಕ್ಲಿನ್ ಕೂಡ ಕೆಲವರಿಗೆ ಒಗ್ಗುತ್ತದೆ. ಊಟದ ನಂತರ ತುಂಬ ನೀರಿನ ಜೊತೆ ತೆಗೆದುಕೊಳ್ಳಬೇಕು, ತಕ್ಷಣ ಮಲಗಬಾರದು.

ಹಾರ್ಮೋನ್ ತಡೆಯುವ ಇನ್ನೊಂದು ಗುಳಿಗೆ ಸ್ಪೈರನೊಲ್ಯಾಕ್ಟೋನ್. ಯಾರಾದರೂ ‘ಇದು ಹೆಂಗಸರ ಗುಳಿಗೆ, ಇದನ್ನೇ ತಗೊಳ್ಳಿ’ ಅಂದಾರು. ಟೆಲ್ಮಿಸಾರ್ಟನ್ ಜೊತೆ ಅದು ಸೇರಿದರೆ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ತೊಂದರೆಯಾದೀತು. ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತ ಕೊಟ್ಟರೆ ಮಾತು ಬೇರೆ, ನೀವಾಗಿ ಖಂಡಿತ ಬೇಡ.

ಕೂದಲು ನಾಟಿಯ ಜಾಹೀರಾತು ಈಗ ಹುಬ್ಬಳ್ಳಿಯಲ್ಲೂ ಗೋಡೆಗೊಂದು. ಗಂಡಸರ ಬೋಳುತಲೆಗೆ ಅದು ಒಳ್ಳೆಯ ಶಸ್ತ್ರಚಿಕಿತ್ಸೆ. ಈ ರೋಗದಲ್ಲಿ ನಾಟಿ ಮಾಡಿದ ಬುಡಗಳನ್ನೂ ಅದೇ ಕಣಗಳು ಮುತ್ತುತ್ತವೆ. ರೋಗ ಕನಿಷ್ಠ ಎರಡು ವರ್ಷ ಪೂರ್ತಿ ಶಾಂತವಾಗಿದ್ದ ಮೇಲೆ ಮಾಡಿಸಿದವರಲ್ಲೂ ವರ್ಷಗಳು ಕಳೆದಂತೆ ನಾಟಿ ಕೂದಲು ಕಡಿಮೆಯಾಗುತ್ತ ಹೋಗುತ್ತದೆ. ಬಯಾಪ್ಸಿ ವರದಿ ಕೇಳದೆ ದುಡ್ಡಿನ ಲೆಕ್ಕ ಹೇಳುವ ಕಡೆಯಿಂದ ಎದ್ದು ಬನ್ನಿ.

ಗುಣವಾಗುತ್ತಿದೆಯೋ ಇಲ್ಲವೋ ನೋಡಲು ದಿನಾ ಕನ್ನಡಿ ನೋಡಬೇಡಿ. ಎರಡು ಹುಬ್ಬಿನ ನಡುವಿನಿಂದ ಕೂದಲಂಚಿನವರೆಗೆ, ಆಮೇಲೆ ಎರಡೂ ಕಣ್ಣಿನ ಹೊರತುದಿಯಿಂದ ಕೂದಲಂಚಿನವರೆಗೆ, ಹೊಲಿಗೆಯ ಟೇಪಿನಿಂದ ಅಳೆದು ತಾರೀಖಿನ ಜೊತೆ ಬರೆದಿಡಿ. ಕಿಟಕಿಯ ಬೆಳಕಿನಲ್ಲಿ ಕೂದಲು ಹಿಂದಕ್ಕೆ ಹಿಡಿದು ಒಂದು ಫೋಟೊ. ಮೂರು ತಿಂಗಳಿಗೊಮ್ಮೆ ಸಾಕು. ಈ ರೋಗದಲ್ಲಿ ಯಾವ ಔಷಧವನ್ನೂ ಆರು ತಿಂಗಳೊಳಗೆ ಅಳೆಯಲಾಗದು. ನಿಮ್ಮ ವೈದ್ಯರ ಹತ್ತಿರ ಮಾತಾಡಿಯೂ ಸಮಾಧಾನವಾಗದಿದ್ದರೆ, ಕಿಮ್ಸ್ ಎಂದೇ ಎಲ್ಲರ ಬಾಯಲ್ಲಿರುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೋ, ಧಾರವಾಡ ಸತ್ತೂರಿನ ಎಸ್‌ಡಿಎಂನಲ್ಲೋ ಚರ್ಮರೋಗ ವಿಭಾಗಕ್ಕೆ ಬಯಾಪ್ಸಿ ವರದಿ ತೆಗೆದುಕೊಂಡು ಹೋಗಿ. ಎರಡನೆಯ ಅಭಿಪ್ರಾಯ ಕೇಳಿದರೆ ಒಳ್ಳೆಯ ವೈದ್ಯರು ಬೇಜಾರಾಗುವುದಿಲ್ಲ.

ಹುಬ್ಬಿನ ಬಗ್ಗೆ ನೀವು ಕೇಳಲೇ ಇಲ್ಲ, ಆದರೆ ಮೊದಲು ಬರೆದದ್ದು ಅದನ್ನೇ. ತಲೆಯಂಚಿಗೆ ಹೋಲಿಸಿದರೆ ಹುಬ್ಬಿನಲ್ಲಿ ಸ್ವಲ್ಪ ಹೆಚ್ಚು ಆಸೆ ಇಟ್ಟುಕೊಳ್ಳಬಹುದು. ಪೂರ್ತಿ ಹೋಗಿರದಿದ್ದರೆ ಸಣ್ಣ ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಕೆಲವರಲ್ಲಿ ಕೂದಲು ಮರಳಿದ್ದನ್ನು ಕಂಡಿದ್ದೇನೆ. ಮುಂದಿನ ಭೇಟಿಯಲ್ಲಿ ಹಣೆಯಂಚಿನ ಜೊತೆ ಹುಬ್ಬನ್ನೂ ತೋರಿಸಿ, ಅದಕ್ಕೂ ಏನಾದರೂ ಮಾಡಲಾದೀತೇ ಎಂದು ಕೇಳಿ. ಅಲ್ಲಿಯವರೆಗೆ ಪೆನ್ಸಿಲ್ಲಿನಿಂದ ತಿದ್ದಿಕೊಂಡು ತರಗತಿಗೆ ಹೋಗಲು ಯಾವ ಅಡ್ಡಿಯೂ ಇಲ್ಲ, ಅದರಿಂದ ರೋಗ ಹೆಚ್ಚಾಗದು.